ಸಹಾಯ ಬೇಕು: ದಾವಣಗೆರೆಯಲ್ಲಿ ಸ್ಕ್ರಮ್ ಮಾಡಿ ಅನುಭವ ಇರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಆನ್‌ಲೈನ್‌ನಲ್ಲಿ ಅಜೈಲ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡುತ್ತಿದ್ದೇನೆ. ಅಜೈಲ್ ಅಂದರೆ ಕೆಲಸವನ್ನು ಸಣ್ಣ ಸಣ್ಣ ಹಂತಗಳಲ್ಲಿ ಮಾಡುತ್ತಾ ಹೋಗುವುದು; ಸ್ಕ್ರಮ್ ಅದರ ಒಂದು ಪದ್ಧತಿ. ನಮ್ಮ ತಂಡದವರು ಹರಿಹರ, ಚಿತ್ರದುರ್ಗ, ಹೊಸದುರ್ಗ ಅಂತ ಚದುರಿದ್ದಾರೆ. ಮಾತುಕತೆ ಎಲ್ಲಾ ವಿಡಿಯೋ ಕಾಲ್‌ನಲ್ಲೇ. ಮೆಕ್ಕೆಜೋಳ ಬೆಳೆಯುವ ರೈತರಿಗೆ ಮಾರುಕಟ್ಟೆ ದರ ತೋರಿಸುವ ಸಣ್ಣ ಆ್ಯಪ್ ನಮ್ಮ ಪ್ರಾಜೆಕ್ಟ್. ಸ್ಕ್ರಮ್ ಮಾಸ್ಟರ್ ಕೆಲಸ, ಅಂದರೆ ತಂಡ ಈ ಪದ್ಧತಿಯಂತೆ ನಡೆಯಲು ನೆರವಾಗುವುದು, ನನ್ನದು.

ಡೈಲಿ ಸ್ಕ್ರಮ್ (ತಂಡದ ದಿನದ ಸಣ್ಣ ಸಭೆ) 15 ನಿಮಿಷದಲ್ಲಿ ಮುಗಿಯಬೇಕು ಅಲ್ವಾ? ಮುಗಿಯುತ್ತದೆ, ಆದರೆ ಹಾಜರಿ ಕೂಗಿದ ಹಾಗೆ. ‘ನಿನ್ನೆ ಡಿಸೈನ್ ಮಾಡಿದೆ, ಇವತ್ತೂ ಅದೇ’ ಅಂತ ಹೇಳಿ ಸುಮ್ನೆ ಮ್ಯೂಟ್ ಆಗುತ್ತಾರೆ. ಸ್ಕ್ರಮ್‌ನ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಏನು ಅಡ್ಡಿ ಇದೆ’ ಅನ್ನುವ ಹಳೇ ಮೂರು ಪ್ರಶ್ನೆಗಳನ್ನೇ ಕೈಬಿಟ್ಟಿದೆ. ಸ್ಪ್ರಿಂಟ್ (ಕೆಲಸದ ಒಂದು ನಿಗದಿತ ಸಣ್ಣ ಅವಧಿ) ಗುರಿಯ ಕಡೆ ಎಷ್ಟು ಸಾಗಿದ್ದೇವೆ ಅಂತ ನೋಡಿ, ಮುಂದಿನ ಕೆಲಸ ಹೊಂದಿಸಿಕೊಳ್ಳಿ ಎನ್ನುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಇದಕ್ಕಿಂತ ಜಾಸ್ತಿ ತಲೆನೋವು ಕೆಲಸಗಳ ಕಾರ್ಡ್ ಹಾಕುವ ಬೋರ್ಡ್‌ನದ್ದು. ‘ದರದ ಪುಟ’ ಅನ್ನುವ ಕಾರ್ಡ್ ‘ನಡೆಯುತ್ತಿದೆ’ ಕಾಲಂ ಬಿಟ್ಟು ಕದಲುತ್ತಿಲ್ಲ. ಕೋಡ್ ಬರೆದವರು ಮುಗಿಯಿತು ಎನ್ನುತ್ತಾರೆ. ಟೆಸ್ಟ್ ಮಾಡುವವರು, ಹಳೇ ಫೋನ್‌ನಲ್ಲಿ ಕನ್ನಡ ಅಕ್ಷರ ಒಡೆದು ಕಾಣುತ್ತಿದೆ ಎನ್ನುತ್ತಾರೆ. ‘ಡೆಫಿನಿಷನ್ ಆಫ್ ಡನ್’ (ಕೆಲಸ ಮುಗಿಯಿತು ಎನ್ನಲು ಏನೇನು ಆಗಿರಬೇಕು ಅನ್ನುವ ಪಟ್ಟಿ) ಅನ್ನು ವಿದ್ಯಾರ್ಥಿ ತಂಡಕ್ಕೆ ಎಷ್ಟು ಬಿಗಿಯಾಗಿ ಬರೆಯಬೇಕು? ನಿಮ್ಮ ತಂಡದ ಮಾದರಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಭಾನುವಾರ ಒಂದರ್ಧ ಗಂಟೆ ಕಾಲ್‌ಗೆ ಸಿಕ್ಕರೆ ಇಡೀ ತಂಡವೇ ಕೂರುತ್ತದೆ.