ಗೊದ್ದದ ರಾಣಿಯನ್ನು ಸಾಕುತ್ತಿದ್ದೇನೆ, ಮೊಟ್ಟೆ ಕಡಿಮೆಯಾಗುತ್ತಿವೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೆಲವು ದಿನಗಳ ಹಿಂದೆ ದೊಡ್ಡ ಮಳೆ ಬಿದ್ದ ಮರುದಿನ ಸಂಜೆ ತುಮಕೂರಿನ ನಮ್ಮ ಮನೆಯ ಜಗಲಿಯಲ್ಲಿ, ರೆಕ್ಕೆ ಉದುರಿಸಿಕೊಂಡು ಗೋಡೆಯಂಚಿಗೆ ಓಡಾಡುತ್ತಿದ್ದ ಗೊದ್ದದ ರಾಣಿಯೊಂದು ಸಿಕ್ಕಿತು. ಗಾಜಿನ ಪ್ರನಾಳದ ತುದಿಯಲ್ಲಿ ನೀರು ತುಂಬಿ, ಹತ್ತಿಯಿಂದ ತಡೆದು, ಕಪ್ಪು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಸಕ್ಕರೆ ಡಬ್ಬದ ಸುತ್ತ ಲಕ್ಷ್ಮಣರೇಖೆ ಎಳೆಯುವವರು ಅವರು.

ಮೊದಲ ಕೆಲಸಗಾರ ಇರುವೆಗಳು ಬರುವ ತನಕ ರಾಣಿಗೆ ಆಹಾರ ಬೇಡ, ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿಕೊಂಡು ಮರಿಗಳನ್ನು ಸಾಕುತ್ತದೆ ಎಂದು ಓದಿ ಏನೂ ಕೊಟ್ಟಿಲ್ಲ. ಹನ್ನೆರಡು ಮೊಟ್ಟೆಗಳಿದ್ದವು, ನೆನೆದ ರವೆಯಂತೆ ಒಂದಕ್ಕೊಂದು ಅಂಟಿಕೊಂಡು. ನಿನ್ನೆ ನೋಡಿದರೆ ಐದೇ! ಗಾಬರಿಯಾದ ರಾಣಿ ತನ್ನ ಮೊಟ್ಟೆಯನ್ನೇ ತಿನ್ನುತ್ತದಂತೆ. ದಿನಕ್ಕೆ ಮೂರು ಸಲ ಬಟ್ಟೆ ಸರಿಸಿ ಇಣುಕಿದ್ದು ನಾನೇ, ಹಾಗಾಗಿ ಅನುಮಾನ ನನ್ನ ಮೇಲೆಯೇ ಇದೆ.

ಹತ್ತಿಯ ಒಂದು ಬದಿ ಹಳದಿಗೆ ತಿರುಗಿದೆ. ಪ್ರನಾಳ ಬದಲಿಸಲೇ, ಮುಟ್ಟದೆ ಬಿಡಲೇ? ಎಷ್ಟು ದಿನಕ್ಕೊಮ್ಮೆ ನೋಡಬಹುದು? ಕೆಲಸಗಾರರು ಹುಟ್ಟಿದ ಮೇಲೆ ಸಕ್ಕರೆ ನೀರು, ಸತ್ತ ನೊಣ ಸಾಕೇ? ಔಷಧಿ ಸಿಂಪಡಿಸದ ನೊಣವನ್ನೇ ಹಿಡಿದು ಕೊಡುತ್ತೇನೆ. ಗೊದ್ದ ಸಾಕಿ ಗೊತ್ತಿರುವವರು ದಯವಿಟ್ಟು ತಿಳಿಸಿ.