ಹಾಲಿನ ಮೇಕೆಗಳನ್ನು ನೋಡಿಕೊಳ್ಳುವ ಮಕ್ಕಳಿಗೆ ಮೊದಲು ಏನು ಕಲಿಸಬೇಕು?

ಬೆಳಗಿನಹಾಲು:
12ರಿಂದ 16 ವರ್ಷದ ಐವರು ಮಕ್ಕಳು ಮೂರು ಮೇಕೆಗಳ ಜವಾಬ್ದಾರಿ ವಹಿಸಿಕೊಂಡಿದ್ದಾರೆ. ಎರಡು ಈದು ಏಳು ವಾರವಾಗಿದೆ. ಮೂರನೆಯದು ಗಬ್ಬ, ಈಯಲು ಇನ್ನು ಐದು ವಾರವಿದೆ. ದೊಡ್ಡವರು ಕರೆಯುತ್ತಿದ್ದಾಗ ಒಂದೊಂದು ಮೇಕೆ ದಿನಕ್ಕೆ ಎರಡೂವರೆ ಲೀಟರ್ ಕೊಡುತ್ತಿತ್ತು. ಮಕ್ಕಳು ಸರದಿಯಂತೆ ಕರೆಯಲು ಶುರು ಮಾಡಿದ ಹತ್ತೇ ದಿನಕ್ಕೆ ಎರಡು ಲೀಟರಿಗೂ ಕೆಳಗಿಳಿದಿದೆ. ಕೆಚ್ಚಲಲ್ಲಿ ಬಾವು, ಬಿಸಿ, ಗಡ್ಡೆ ಏನೂ ಇಲ್ಲ, ಮೇವೂ ಬದಲಾಗಿಲ್ಲ. ಕಾರಣ ಏನಿರಬಹುದು? ದಾಣಿ ಎಷ್ಟು ಕೊಡಬೇಕು, ಜಂತುಹುಳದ ಔಷಧಿ ಎಷ್ಟು ದಿನಕ್ಕೊಮ್ಮೆ, ಈಯುವ ಹೊತ್ತಿಗೆ ಮಕ್ಕಳು ಏನು ತಿಳಿದಿರಬೇಕು, ಇವನ್ನೂ ತಿಳಿಸಿ.

ಕೆಚ್ಚಲುಕಾವಲು:
ಮೇವು ಬದಲಾಗದೆ ಕೈ ಬದಲಾದ ಕೂಡಲೇ ಹಾಲು ಇಳಿದಿದೆ ಎಂದರೆ ಮೊದಲು ನೋಡಬೇಕಾದದ್ದು ಕರೆಯುವ ರೀತಿಯನ್ನೇ. ಕೆಚ್ಚಲು ಒರೆಸಿ ಮುಟ್ಟಿದ ಒಂದು ನಿಮಿಷದೊಳಗೆ ಮೇಕೆ ತೊರೆ ಬಿಡುತ್ತದೆ, ಅಂದರೆ ಹಾಲನ್ನು ಮೊಲೆಗೆ ಇಳಿಸುತ್ತದೆ. ಅದು ಉಳಿಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕೈ ಸೋತು ಮಗು ನಿಲ್ಲಿಸಿದರೆ, ಅಥವಾ ಗಲಾಟೆಗೆ ಮೇಕೆ ಬೆದರಿದರೆ, ಹಾಲು ಒಳಗೇ ಉಳಿಯುತ್ತದೆ. ದಿನವೂ ಹೀಗೆ ಉಳಿದ ಹಾಲು "ಇಷ್ಟು ಬೇಡ" ಎಂದು ಕೆಚ್ಚಲಿಗೆ ಹೇಳಿದಂತೆ, ಉತ್ಪತ್ತಿಯೇ ಕುಗ್ಗುತ್ತದೆ. ಆದ್ದರಿಂದ ಸದ್ಯಕ್ಕೆ ದಿನದ ಸರದಿ ಬಿಡಿ. ಒಂದು ಮೇಕೆಗೆ ಒಬ್ಬರೇ, ಕನಿಷ್ಠ ಎರಡು ವಾರ, 12 ಗಂಟೆಗಳ ಅಂತರದಲ್ಲಿ, ಅದೇ ಹೊತ್ತಿಗೆ.

ಹಿಡಿತ ನೋಡಿ. ಹೆಬ್ಬೆರಳು, ತೋರುಬೆರಳು ಮೊಲೆಯ ಬುಡದಲ್ಲಿ ಉಂಗುರದಂತೆ ಮುಚ್ಚಬೇಕು. ಆಮೇಲೆ ಉಳಿದ ಮೂರು ಬೆರಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಒತ್ತಬೇಕು. ಎಳೆಯಬಾರದು. ಉಂಗುರ ಸಡಿಲವಿದ್ದರೆ ಹಾಲು ಕೆಚ್ಚಲಿಗೇ ವಾಪಸ್ ಹೋಗುತ್ತದೆ, ಮಗು ಎಷ್ಟು ಹಿಂಡಿದರೂ ಬರುವುದಿಲ್ಲ. ತೀರಾ ಮೇಲೆ ಹಿಡಿದರೆ ಕೆಚ್ಚಲಿನ ಮಾಂಸವೇ ನಲುಗಿ ಮೇಕೆ ಒದೆಯುತ್ತದೆ. ಧಾರೆ ಸಣ್ಣದಾದಾಗ, ಮರಿ ಗುದ್ದುವ ಹಾಗೆ ಅಂಗೈಯಿಂದ ಕೆಚ್ಚಲನ್ನು ಮೆಲ್ಲಗೆ ಎರಡು ಮೂರು ಸಲ ಮೇಲಕ್ಕೆ ದೂಡಿ ಮತ್ತೆ ಕರೆಯಬೇಕು. ಬಿಟ್ಟುಹೋಗುವ ಕಾಲು ಲೀಟರ್ ಬಹುಮಟ್ಟಿಗೆ ಅಲ್ಲೇ ಇರುತ್ತದೆ.

ಮೊದಲ ಎರಡು ಮೂರು ಧಾರೆ ಕಪ್ಪು ಬಟ್ಟಲಿಗೆ ಬಿಡಿಸಿ. ಗರಣೆ, ಎಳೆ, ನೀರುನೀರು, ರಕ್ತದ ಬಣ್ಣ ಕಂಡರೆ ಆ ಹಾಲು ಬೇರೆ, ಪಶುವೈದ್ಯರಿಗೆ ಫೋನ್. ಕರೆದಾದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಹುಲ್ಲು ಹಾಕಿ. ತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಮೇಕೆ ನಿಂತೇ ಇರಲಿ, ಕೊಳಕು ನೆಲದಲ್ಲಿ ಮಲಗಬಾರದು.

ಹಾಲನ್ನು ಪ್ರತಿ ಹೊತ್ತೂ ತೂಕ ಹಾಕಿ ಬರೆಸಿ. ಹನ್ನೆರಡರ ಮಗುವೂ ಇದನ್ನು ತಪ್ಪಿಲ್ಲದೆ ಮಾಡುತ್ತದೆ. ಸೋಸಿ, ಮಂಜುಗಡ್ಡೆ ನೀರಿನಲ್ಲಿಟ್ಟು ಬೇಗ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ. ಕುಡಿಯುವ ಮುಂಚೆ 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಇಲ್ಲವೇ ಕುದಿಸಿ. ಬ್ರುಸೆಲ್ಲಾ ಎಂಬ ರೋಗಾಣು ಹಸಿ ಹಾಲಿನಿಂದಲೂ ಮನುಷ್ಯರಿಗೆ ಬರುತ್ತದೆ. ಇದರಲ್ಲಿ ಮಕ್ಕಳಿಗೆ ರಿಯಾಯಿತಿ ಕೊಡಬೇಡಿ.

ಒಣಹುಲ್ಲು:
ಮೇಲಿನದೆಲ್ಲ ಸರಿ. ಜೊತೆಗೆ ನೀರಿನ ಬಕೆಟ್ ನೋಡಿ. ಒಂದು ಹಿಕ್ಕೆ ಬಿದ್ದಿದ್ದರೂ ಮೇಕೆ ಆ ನೀರು ಮುಟ್ಟುವುದಿಲ್ಲ, ಹಾಲು ಮರುದಿನವೇ ಇಳಿಯುತ್ತದೆ. ದಿನಕ್ಕೆ ಎರಡು ಸಲ ಚೆಲ್ಲಿ, ತಿಕ್ಕಿ ತುಂಬಿಸಬೇಕು.

ಮೇವಿನಲ್ಲಿ ಹುಲ್ಲು ಮೊದಲು, ದಾಣಿ ಆಮೇಲೆ. 50 ಕೆ.ಜಿ. ಮೇಕೆಗೆ ದಿನಕ್ಕೆ ಒಟ್ಟು ಸುಮಾರು 2 ಕೆ.ಜಿ. ಒಣ ಪದಾರ್ಥ (ನೀರಿನಂಶ ಕಳೆದ ಮೇವಿನ ತೂಕ) ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲು, ಸೊಪ್ಪೇ ಇರಬೇಕು. ದಾಣಿ ಪ್ರತಿ ಲೀಟರ್ ಹಾಲಿಗೆ 300–400 ಗ್ರಾಂ, ಎರಡು ಹೊತ್ತಿಗೆ ಹಂಚಿ. ಹೆಚ್ಚಿಸುವುದಾದರೆ ಮೂರು ದಿನಕ್ಕೊಮ್ಮೆ 50 ಗ್ರಾಮಿನಂತೆ. ಹಾಲು ಇಳಿಯಿತೆಂದು ಒಮ್ಮೆಗೇ ಹೆಚ್ಚು ದಾಣಿ ಸುರಿಯಬೇಡಿ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಆ ಪಿಷ್ಟವನ್ನೆಲ್ಲ ಹುಳಿಯಾಗಿಸುತ್ತವೆ, ಮೆಲುಕು ನಿಲ್ಲುತ್ತದೆ, ಹಿಕ್ಕೆ ನೀರಾಗುತ್ತದೆ, ಒಂದು ದಿನದಲ್ಲೇ ಮೇಕೆ ಸಾಯಬಹುದು. ದಾಣಿಯ ಡಬ್ಬ ಮುಚ್ಚದೆ ಬಿಡುವುದು ಹೊಸಬರ ಕೈಯಲ್ಲಿ ಆಗುವ ಅತಿ ದೊಡ್ಡ ಅನಾಹುತ. ಮೇಕೆ ಬಾಯಲ್ಲಿ ತೆಗೆಯಲಾಗದ ಚಿಲಕ ಹಾಕಿ.

ಖನಿಜ ಮಿಶ್ರಣ ಮೇಕೆಯದೇ ಆಗಿರಲಿ. ಕುರಿಗೆ ತಾಮ್ರ ಬೇಗ ವಿಷವಾಗುವುದರಿಂದ ಕುರಿಯ ಮಿಶ್ರಣಕ್ಕೆ ತಾಮ್ರ ಸೇರಿಸುವುದಿಲ್ಲ, ಮೇಕೆಗೋ ಅದು ಬೇಕೇ ಬೇಕು.

ಗಬ್ಬದ ಮೇಕೆಯ ಹಾಲು ಈಗಾಗಲೇ ಬತ್ತಿಸಿದ್ದೀರಿ ಎಂದುಕೊಳ್ಳುತ್ತೇನೆ. ಈಯಲು 60 ದಿನ ಇರುವಾಗಲೇ ನಿಲ್ಲಿಸಬೇಕು. ಕೊನೆಯ ವಾರಗಳಲ್ಲಿ ಮರಿಗಳು ಹೊಟ್ಟೆಯ ಜಾಗ ಒತ್ತುವುದರಿಂದ ಹೆಚ್ಚು ತಿನ್ನಲಾಗದು, ಒಳ್ಳೆಯ ಹುಲ್ಲು ಮತ್ತು ಸ್ವಲ್ಪ ದಾಣಿಯನ್ನು ಹಲವು ಸಲ ಕೊಡಿ. ಮಂಕಾಗಿ ಮೇವು ಬಿಟ್ಟು, ಉಸಿರಿನಲ್ಲಿ ಸಿಹಿ ವಾಸನೆ ಬಂದರೆ ಅದೇ ದಿನ ವೈದ್ಯರು ಬೇಕು.

ಹಟ್ಟಿಮನೆ:
ಜಂತುಹುಳಕ್ಕೆ ಇಷ್ಟು ಯೋಚನೆ ಬೇಡ. ಎರಡು ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧಿ ಕುಡಿಸಿಬಿಡಿ. ಮಕ್ಕಳಿಗೆ ನೆನಪಿಡಲೂ ಸುಲಭ.

ಕಣ್ಣರೆಪ್ಪೆ:
ಹಟ್ಟಿಮನೆ ಅವರೇ, ದಯವಿಟ್ಟು ಇದನ್ನು ಕಲಿಸಬೇಡಿ. ಎಲ್ಲಕ್ಕೂ ಪದೇ ಪದೇ ಕುಡಿಸಿದರೆ ಔಷಧಿಗೆ ಬಗ್ಗದ ಹುಳಗಳು ಮಾತ್ರ ಉಳಿದು ಮರಿ ಮಾಡುತ್ತವೆ, ಕೆಲವು ವರ್ಷದಲ್ಲಿ ಯಾವ ಔಷಧಿಯೂ ನಾಟುವುದಿಲ್ಲ. ಇನ್ನೊಂದು ವಿಷಯ: ಮೇಕೆಯ ದೇಹ ಬಹಳಷ್ಟು ಔಷಧಿಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಬಾಟಲಿಯ ಮೇಲಿನ ಕುರಿಯ ಅಳತೆ ಅದಕ್ಕೆ ಸಾಲದೇ ಹೋಗಬಹುದು. ಮೇಕೆಯ ತೂಕ ಹಾಕಿ, ಎಷ್ಟು ಕೊಡಬೇಕು, ಎಷ್ಟು ದಿನ ಹಾಲು ಬಳಸಬಾರದು, ಎರಡನ್ನೂ ಪಶುವೈದ್ಯರಿಂದ ಬರೆಸಿಕೊಳ್ಳಿ.

ಮಕ್ಕಳಿಗೆ ಕಲಿಸಬೇಕಾದದ್ದು ಕಣ್ಣಿನ ಒಳರೆಪ್ಪೆ ನೋಡುವುದು. ಹುಳ ರಕ್ತ ಹೀರಿದಷ್ಟೂ ಅದು ಬಿಳಿಚುತ್ತದೆ. ಹಗಲ ಬೆಳಕಿನಲ್ಲಿ, ಮೇಲಿನ ರೆಪ್ಪೆಯನ್ನು ಕಣ್ಣಿನ ಮೇಲೆ ಮೆಲ್ಲಗೆ ಒತ್ತಿ ಕೆಳರೆಪ್ಪೆ ಸರಿಸಿದರೆ ಒಳಪೊರೆ ಹೊರಬರುತ್ತದೆ. ಫಮಾಚಾ ಎಂಬ ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ. 1, 2 ಕೆಂಪು, ಔಷಧಿ ಬೇಡ. 4, 5 ಬಿಳಿಚು, ತಡಮಾಡಬಾರದು. 3 ಇದ್ದರೆ ಮರಿ, ಗಬ್ಬದ ಮೇಕೆ, ಬಡಕಲು ಮೇಕೆಗೆ ಕೊಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡಬೇಕು. ರಕ್ತ ಹೀರುವ ಹೀಮಾಂಕಸ್ ಹುಳಕ್ಕೆ ಭೇದಿ ಇರಲೇಬೇಕೆಂದಿಲ್ಲ. ಹಿಕ್ಕೆ ಗಟ್ಟಿಯಾಗಿದೆ ಎಂದು ಸುಮ್ಮನಿದ್ದು ಮೇಕೆ ಕಳೆದುಕೊಳ್ಳುವವರು ಬಹಳ. ದವಡೆಯ ಕೆಳಗೆ ನೀರಿನ ಚೀಲದಂತೆ ಊದಿದರೆ ಕಾಯಿಲೆ ಮುಂದುವರಿದಿದೆ ಎಂದೇ ಅರ್ಥ.

ಹುಳದ ಮರಿಗಳು ಹುಲ್ಲಿನ ಬುಡದಲ್ಲಿ ಕೆಲವೇ ಅಂಗುಲ ಎತ್ತರದಲ್ಲಿರುತ್ತವೆ. ಹುಲ್ಲು 10 ಸೆಂಟಿಮೀಟರಿಗೆ ಇಳಿದರೆ ಮೇಯುವ ಜಾಗ ಬದಲಿಸಿ, ಮೇವನ್ನು ನೆಲದ ಮೇಲೆ ಹಾಕಲೇಬೇಡಿ.

ಗೊರಸುಗತ್ತರಿ:
ಈಯುವ ವಿಷಯಕ್ಕೆ ಬರುತ್ತೇನೆ. ಗಬ್ಬ 150 ದಿನ, ಐದು ದಿನ ಹೆಚ್ಚುಕಡಿಮೆ. ಕರುಳುಬೇನೆ ಮತ್ತು ಧನುರ್ವಾಯು ಲಸಿಕೆಗೆ ಸರಿಯಾದ ಹೊತ್ತು ಈಯಲು ನಾಲ್ಕು ವಾರ ಇರುವಾಗ, ಅಂದರೆ ನಿಮಗೆ ಮುಂದಿನ ವಾರ. ರಕ್ಷಣೆ ಗಿಣ್ಣುಹಾಲಿನ ಮೂಲಕ ಮರಿಗೂ ಸಿಗುತ್ತದೆ.

ಅದಕ್ಕೂ ಮುಂಚೆ ಮಕ್ಕಳು ಆರೋಗ್ಯವಂತ ಮೇಕೆಯ ಲೆಕ್ಕ ಕಲಿಯಲಿ. ಗುದದ್ವಾರದಲ್ಲಿ ನೋಡಿದ ಉಷ್ಣಾಂಶ 38.5–39.7 ಡಿಗ್ರಿ, ಉಸಿರು ನಿಮಿಷಕ್ಕೆ 15–30. ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿಟ್ಟರೆ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಹೊರಳುವುದು ತಿಳಿಯುತ್ತದೆ. ವಾರಕ್ಕೊಮ್ಮೆ ಅಳೆದು ಬರೆದ ಮಗುವಿಗೆ ಕಾಯಿಲೆ ದೂರದಿಂದಲೇ ಕಾಣುತ್ತದೆ.

ಮುಂಗಾಲು ಎರಡು, ಅವುಗಳ ಮೇಲೆ ಮೂಗು, ಹೀಗೆ ಬಂದರೆ ಮುಟ್ಟದೆ ನೋಡುತ್ತಿರಲಿ. ಜೋರಾಗಿ ತಿಣುಕಿ ಅರ್ಧ ಗಂಟೆಯಾದರೂ ಏನೂ ಮುಂದುವರಿಯದಿದ್ದರೆ ವೈದ್ಯರನ್ನು ಕರೆಸಿ. ಮರಿಯ ಮೂಗು ಬಾಯಿ ಒರೆಸಿ, ಹೊಕ್ಕುಳಬಳ್ಳಿಯನ್ನು 7 ಪರ್ಸೆಂಟ್ ಅಯೋಡಿನ್‌ನಲ್ಲಿ ಅದ್ದಿ. ಮೊದಲ ಗಂಟೆಯೊಳಗೆ ಗಿಣ್ಣು ಕುಡಿಯಬೇಕು: ಕೆ.ಜಿ. ತೂಕಕ್ಕೆ ಸುಮಾರು 50 ಮಿ.ಲೀ., 3 ಕೆ.ಜಿ. ಮರಿಗೆ 150. ಮೊದಲ ದಿನದಲ್ಲಿ ಹೀಗೆ ಮೂರು ನಾಲ್ಕು ಸಲ. ತಡವಾದಷ್ಟೂ ಕರುಳು ಆ ರಕ್ಷಣೆಯನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಾದ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಲಗಿಸಿ ಬಾಟಲಿ ಕೊಟ್ಟರೂ ಅದೇ ಅಪಾಯ.

ಮಾಸು ಬೀಳಲು 12 ಗಂಟೆ ಕಾಯಿರಿ, ಎಳೆಯಬೇಡಿ. ಕೈಗವಸು ಎಲ್ಲರಿಗೂ ಕಡ್ಡಾಯ. ಗರ್ಭಿಣಿಯರು ಈಯುವ ಜಾಗಕ್ಕೆ ಬರಲೇಬಾರದು, ಕ್ಯೂ ಜ್ವರದಂಥ ಸೋಂಕುಗಳು ಮಾಸಿನಿಂದ ಹರಡುತ್ತವೆ. ಗಂಡು ಮರಿಗಳನ್ನು ಮೂರು ತಿಂಗಳು ತುಂಬುವುದರೊಳಗೆ ಬೇರೆ ಮಾಡಿ. ಇಂಜೆಕ್ಷನ್, ಕೊಂಬು ಸುಡುವುದು ದೊಡ್ಡವರ ಕೆಲಸ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವುದನ್ನು ದೊಡ್ಡ ಮಕ್ಕಳು ಕಲಿಯಬಹುದು. ಚೂರು ಚೂರಾಗಿ ಕತ್ತರಿಸಿ, ಒಳಗೆ ಗುಲಾಬಿ ಬಣ್ಣ ಕಂಡ ಕೂಡಲೇ ನಿಲ್ಲಿಸಬೇಕು.

ಬೆಳಗಿನಹಾಲು:
ಎಲ್ಲರಿಗೂ ಧನ್ಯವಾದ. ಚಿಕ್ಕವರ ಕೈ ಬೇಗ ಸೋಲುತ್ತದೆ. ಒಂದು ಮೇಕೆಗೆ ಇಬ್ಬರು ಕೂತು ಒಂದೊಂದು ಮೊಲೆ ಕರೆದರೆ ಆಗುತ್ತದೆಯೇ?

ಕೆಚ್ಚಲುಕಾವಲು:
ಬೇಡ. ಇಬ್ಬರ ವೇಗ ಬೇರೆ, ಒಂದು ಕಡೆ ಹಾಲು ಉಳಿದು ಕೆಚ್ಚಲು ಸೊಟ್ಟಗಾಗುತ್ತದೆ. ಚಿಕ್ಕವರು ಶುರು ಮಾಡಲಿ, ಎರಡು ಮೂರು ನಿಮಿಷದ ನಂತರ ಪಕ್ಕದಲ್ಲೇ ಕೂತ ದೊಡ್ಡವರು ತಡವಿಲ್ಲದೆ ಮುಂದುವರಿಸಿ ಪೂರ್ತಿ ಮುಗಿಸಲಿ. ಉಳಿದ ಹೊತ್ತು ಅಭ್ಯಾಸಕ್ಕೆ ರಬ್ಬರ್ ಕೈಗವಸಿಗೆ ನೀರು ತುಂಬಿ ಬಾಯಿ ಕಟ್ಟಿ ತೂಗುಹಾಕಿ, ಒಂದು ಬೆರಳ ತುದಿಗೆ ಸೂಜಿಯಿಂದ ತೂತು ಮಾಡಿಕೊಡಿ. ಉಂಗುರದ ಹಿಡಿತ ಸರಿಯಾಗಿದ್ದರೆ ಮಾತ್ರ ಧಾರೆ ನೇರ ಬರುತ್ತದೆ.