16 ಸಿಪಿಯುನಲ್ಲಿ ಪಾಸ್, 384ರಲ್ಲಿ ಫೇಲ್: ಟೆಸ್ಟ್ ಎಲ್ಲಿಂದ ಶುರು ಮಾಡೋದು?

ಸಮಾಂತರ:
ಲಿನಕ್ಸ್ ಮೇಲೆ ಓಡುವ ಸಿ++ ಸರ್ವರ್ ಪ್ರೋಗ್ರಾಂ. ಎಷ್ಟು ಸಿಪಿಯು ಇದೆಯೋ ಅಷ್ಟು ವರ್ಕರ್ ಥ್ರೆಡ್ ಶುರು ಮಾಡುತ್ತದೆ. 16 ಸಿಪಿಯು ಇರುವ ಮಷೀನಿನಲ್ಲಿ ಎಲ್ಲ ಟೆಸ್ಟ್ ಪಾಸ್. ಎರಡು ಸಾಕೆಟ್, ಸಾಕೆಟ್‌ಗೆ 96 ಕೋರ್, ಕೋರ್‌ಗೆ 2 ಥ್ರೆಡ್, ಒಟ್ಟು 384 ಲಾಜಿಕಲ್ ಸಿಪಿಯು ಇರುವ ಸರ್ವರ್‌ನಲ್ಲಿ ಮೂರು ತೊಂದರೆ: ಕಂಟೇನರ್ ಒಳಗೆ ಆಗಾಗ ಕ್ರ್ಯಾಶ್, ಟೆಸ್ಟ್ ಸೂಟ್ ಟೈಮ್‌ಔಟ್, 64 ಥ್ರೆಡ್ ದಾಟಿದ ಮೇಲೆ ವೇಗ ಏರುವ ಬದಲು ಇಳಿಯುತ್ತದೆ. ದೊಡ್ಡ ಮಷೀನ್ ಸಿಗುವುದೇ ಕಡಿಮೆ ಹೊತ್ತು. ಚಿಕ್ಕದರಲ್ಲೇ ಹಿಡಿಯಬಹುದಾದ ಬಗ್‌ಗಳು ಯಾವುವು?

ಬಿಟ್‌ಮಾಸ್ಕ್:
ಕ್ರ್ಯಾಶ್‌ಗೆ ದೊಡ್ಡ ಮಷೀನ್ ಬೇಕಾಗಿಲ್ಲ. ಎಣಿಕೆಯ ತಪ್ಪುಗಳೆಲ್ಲ 16ರಲ್ಲೇ ಸಿಗುತ್ತವೆ. ನನ್ನ ಮೊದಲ ಅನುಮಾನ: ಸಿಪಿಯುಗಳ ಸಂಖ್ಯೆಯಷ್ಟು ಉದ್ದದ ಅರೇ ಮಾಡಿ, ಅದಕ್ಕೆ ಸ್ಕೆಡ್_ಗೆಟ್‌ಸಿಪಿಯು (ಥ್ರೆಡ್ ಈಗ ಯಾವ ಸಿಪಿಯು ಮೇಲಿದೆ ಎಂದು ಹೇಳುವ ಫಂಕ್ಷನ್) ಕೊಟ್ಟ ನಂಬರನ್ನು ಇಂಡೆಕ್ಸ್ ಆಗಿ ಬಳಸಿದ್ದೀರಿ. ಕಂಟೇನರ್‌ಗೆ 100ರಿಂದ 131ರವರೆಗಿನ ಸಿಪಿಯು ಕೊಟ್ಟರೆ ಎಣಿಕೆ 32, ಇಂಡೆಕ್ಸ್ 131. ಅರೇ ಆಚೆ ಬರೆದ ಹಾಗಾಯಿತು.

ಚಿಕ್ಕ ಮಷೀನಿನಲ್ಲಿ ಇದನ್ನು ಬರಿಸುವುದು ಸುಲಭ. ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ) ಹಾಕಿ ಬಿಲ್ಡ್ ಮಾಡಿ, ಟಾಸ್ಕ್‌ಸೆಟ್ ಕಮಾಂಡ್‌ನಿಂದ 12-15 ಸಿಪಿಯುಗಳಿಗೆ ಮಾತ್ರ ಕಟ್ಟಿಹಾಕಿ ಓಡಿಸಿ. ಆಮೇಲೆ ರೂಟ್ ಆಗಿ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ ಜಾಗ) 3ರಿಂದ 6ರವರೆಗಿನ ಸಿಪಿಯುಗಳ ಆನ್‌ಲೈನ್ ಫೈಲ್‌ಗೆ 0 ಬರೆದು ಮತ್ತೊಮ್ಮೆ ಓಡಿಸಿ. ಎರಡೂ ಬೇಕು: ಕೆಲವು ಕೋಡ್ ಅಫಿನಿಟಿ (ತನಗೆ ಓಡಲು ಬಿಟ್ಟ ಸಿಪಿಯುಗಳ ಪಟ್ಟಿ) ನೋಡಿ ಎಣಿಸುತ್ತದೆ, ಕೆಲವು ಆನ್‌ಲೈನ್ ಸಿಪಿಯು ಎಣಿಸುತ್ತದೆ.

255 ದಾಟಿದಾಗ ಮಾತ್ರ ಬರುವ ತಪ್ಪುಗಳಿಗೆ (ಸಿಪಿಯು ನಂಬರನ್ನು 8 ಬಿಟ್‌ನಲ್ಲಿ ಇಟ್ಟಿದ್ದರೆ 256 ಹೋಗಿ 0 ಆಗುತ್ತದೆ) ವರ್ಚುವಲ್ ಮಷೀನ್ ಓಡಿಸುವ ಕ್ಯೂಎಮು ಸಾಕು. ಅದರಲ್ಲಿ ಕ್ಯೂ35 ಎಂಬ ಮಷೀನ್ ಮಾದರಿ ಆರಿಸಿ, ಇಂಟೆಲ್ ಐಒಎಂಎಂಯು ಸಾಧನದಲ್ಲಿ ಇಂಟರಪ್ಟ್ ರೀಮ್ಯಾಪಿಂಗ್ ಮತ್ತು ಇಐಎಂ (ದೊಡ್ಡ ಸಿಪಿಯು ನಂಬರ್‌ಗಳಿಗೂ ಇಂಟರಪ್ಟ್ ತಲುಪಿಸುವ ಆಯ್ಕೆಗಳು) ಎರಡನ್ನೂ ಆನ್ ಮಾಡಿ. ಇಲ್ಲದಿದ್ದರೆ 255ರ ಮೇಲಿನ ಸಿಪಿಯುಗಳು ಬರದೇ ಇರಬಹುದು. ಹಳೆಯ ಆವೃತ್ತಿಗಳಲ್ಲಿ 288ರ ಮಿತಿ ಇತ್ತು, ಹೊಸದನ್ನೇ ಬಳಸಿ.

ಕ್ಯಾಶ್‌ಲೈನ್:
ಕ್ಯೂಎಮು ಬಗ್ಗೆ ಒಂದು ಎಚ್ಚರಿಕೆ: ಅಲ್ಲಿ ಬಂದ ಸಮಯದ ಅಂಕಿಗಳನ್ನು ಯಾವ ಕಾರಣಕ್ಕೂ ನಂಬಬೇಡಿ. 16 ನಿಜವಾದ ಸಿಪಿಯು ಮೇಲೆ 384 ವರ್ಚುವಲ್ ಸಿಪಿಯು ಕೂರಿಸಿದಾಗ, ಲಾಕ್ ಹಿಡಿದಿರುವ ಸಿಪಿಯು ಸರದಿಯಲ್ಲಿ ಕಾಯುತ್ತಿರುತ್ತದೆ, ಉಳಿದವು ಅದಕ್ಕಾಗಿ ಸುಮ್ಮನೆ ಸ್ಪಿನ್ ಆಗುತ್ತಾ (ಖಾಲಿ ಸುತ್ತುತ್ತಾ) ಇರುತ್ತವೆ.

ವೇಗ ಇಳಿಯುವುದನ್ನು ನಿಜವಾದ ಮಷೀನಿನಲ್ಲೇ ನೋಡಬೇಕು. 64 ಥ್ರೆಡ್‌ಗಳು ಒಂದೇ ಸಾಕೆಟ್‌ನಲ್ಲಿ ಹಿಡಿಸುತ್ತವೆ, ಆದರೆ ಶೆಡ್ಯೂಲರ್ ಅವನ್ನು ಎರಡಕ್ಕೂ ಹಂಚಿರುತ್ತದೆ. ಮೊದಲು ಸಿಪಿಯು, ಮೆಮೊರಿ ಎರಡನ್ನೂ ಒಂದೇ ಸಾಕೆಟ್‌ಗೆ ಕಟ್ಟಿ 1, 2, 4, 8 ಹೀಗೆ 96ರವರೆಗೆ ಅಳೆಯಿರಿ. (ಬಯಾಸ್ ಸೆಟ್ಟಿಂಗ್‌ನಿಂದಾಗಿ ಒಂದು ಸಾಕೆಟ್ ಹಲವು ನ್ಯೂಮಾ ನೋಡ್ (ಕೆಲವು ಸಿಪಿಯು ಮತ್ತು ಅವಕ್ಕೆ ಹತ್ತಿರದ ಮೆಮೊರಿಯ ಗುಂಪು) ಆಗಿ ಕಾಣಬಹುದು, ಎಲ್‌ಎಸ್‌ಸಿಪಿಯು ಕಮಾಂಡ್ ಓಡಿಸಿ ನೋಡಿಕೊಳ್ಳಿ.) ಇಳಿತ ಮಾಯವಾದರೆ ಸಾಕೆಟ್‌ಗಳ ನಡುವಿನ ಓಡಾಟವೇ ಕಾರಣ, ಹೆಚ್ಚಾಗಿ ದೂರದ (ಇನ್ನೊಂದು ಸಾಕೆಟ್‌ನ) ಮೆಮೊರಿ, ಎನ್ನಬಹುದು. ಮುಖ್ಯ ಥ್ರೆಡ್ ಒಂದೇ ಎಲ್ಲ ಬಫರ್‌ಗಳನ್ನು ಸೊನ್ನೆಯಿಂದ ತುಂಬಿಸಿದರೆ, ಮೊದಲು ಮುಟ್ಟಿದವರ ನೋಡ್‌ನಲ್ಲೇ ಪುಟ ಕೊಡುವುದು ಲಿನಕ್ಸ್ ರೂಢಿಯಾದ್ದರಿಂದ, ಎಲ್ಲವೂ ಒಂದೇ ಕಡೆ ಕೂರುತ್ತವೆ. ಆಯಾ ವರ್ಕರ್ ತನ್ನ ಬಫರನ್ನು ತಾನೇ ತುಂಬಲಿ.

ಒಂದೇ ಸಾಕೆಟ್‌ನಲ್ಲೂ ಇಳಿದರೆ ಪರ್ಫ್ ಸಿ2ಸಿ (ಥ್ರೆಡ್‌ಗಳು ಕಿತ್ತಾಡುವ ಕ್ಯಾಶ್ ಲೈನ್ ತೋರಿಸುವ ಲಿನಕ್ಸ್ ಸಾಧನ) ಓಡಿಸಿ. ಹಲವು ಥ್ರೆಡ್‌ಗಳ ಕೌಂಟರ್‌ಗಳು ಒಂದೇ 64 ಬೈಟ್ ಕ್ಯಾಶ್ ಲೈನ್‌ನಲ್ಲಿ (ಸಿಪಿಯು ಕ್ಯಾಶ್‌ಗೆ ಒಮ್ಮೆಗೆ ಬರುವ ತುಂಡು) ಅಕ್ಕಪಕ್ಕ ಕೂತಿರುವುದು ಅಲ್ಲಿ ನೇರವಾಗಿ ಕಾಣುತ್ತದೆ. ಪ್ರತಿ ಕೌಂಟರ್ ಬೇರೆ ಲೈನ್‌ನಲ್ಲಿ ಕೂರುವಂತೆ 64 ಬೈಟ್‌ಗೆ ಅಲೈನ್ ಮಾಡಿ. ಪಕ್ಕದ ಲೈನನ್ನೂ ಪ್ರಿಫೆಚ್ ಮಾಡುವ ಚಿಪ್‌ಗಳಲ್ಲಿ 128 ಒಳ್ಳೆಯದು. ಅಳೆಯುವಾಗ ಟರ್ಬೊ (ಕೆಲವೇ ಕೋರ್ ಓಡುವಾಗ ಅವುಗಳ ವೇಗ ಏರಿಸುವ ಸೌಲಭ್ಯ) ಆಫ್ ಮಾಡದಿದ್ದರೆ 1 ಥ್ರೆಡ್‌ನ ಅಂಕಿ ಉಬ್ಬಿಕೊಂಡು ಮುಂದಿನದೆಲ್ಲ ನಿಜಕ್ಕಿಂತ ಕಳಪೆಯಾಗಿ ಕಾಣುತ್ತದೆ. ನಿರೀಕ್ಷೆಯೂ ಲೆಕ್ಕದಲ್ಲಿರಲಿ: ಕೆಲಸದ 5% ಸರದಿಯಲ್ಲೇ ನಡೆಯಬೇಕಾದರೆ 192 ಕೋರ್‌ನಲ್ಲಿ ಸಿಗುವುದು ಸುಮಾರು 18 ಪಟ್ಟು ವೇಗ ಮಾತ್ರ.

ಸಮಾಂತರ:
ಅರೇ ವಿಷಯ ನಿಜ, 12-15ಕ್ಕೆ ಕಟ್ಟಿದ ತಕ್ಷಣ ಸಿಕ್ಕಿತು. ಧನ್ಯವಾದ. ಟೈಮ್‌ಔಟ್‌ಗೆ ಅವಧಿ ಹೆಚ್ಚಿಸಿದರೆ ಸಾಕೇ?

ಬಿಟ್‌ಮಾಸ್ಕ್:
ಬೇಡ, ಹೆಚ್ಚಿಸಿದರೆ ಕಾರಣ ಮುಚ್ಚಿಹೋಗುತ್ತದೆ. ಟೆಸ್ಟ್ ರನ್ನರ್ 384 ಟೆಸ್ಟ್‌ಗಳನ್ನು ಒಟ್ಟಿಗೆ ಬಿಡುತ್ತದೆ, ಪ್ರತಿ ಟೆಸ್ಟ್ 384 ಥ್ರೆಡ್ ಹುಟ್ಟಿಸುತ್ತದೆ: 1,47,456 ಥ್ರೆಡ್. ವರ್ಕರ್ ಸಂಖ್ಯೆಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಕೊಡುವ ಹಾಗೆ ಮಾಡಿ. ಮಾಮೂಲಿ ಟೆಸ್ಟ್‌ಗಳಿಗೆ 4 ಸಾಕು. ಪೂರ್ತಿ 384 ಬೇಕಾದ ಟೆಸ್ಟ್‌ಗಳನ್ನು ಬೇರೆ ಗುಂಪು ಮಾಡಿ ಒಂದೊಂದಾಗಿ ಓಡಿಸಿ. ಥ್ರೆಡ್‌ಗೆ 3 ಫೈಲ್ ಡಿಸ್ಕ್ರಿಪ್ಟರ್ ತೆರೆದರೂ 1152 ಆಗಿ ಸಾಮಾನ್ಯ 1024ರ ಮಿತಿ ದಾಟುತ್ತದೆ, ಅದನ್ನೂ ನೋಡಿ.

ಕ್ಯಾಶ್‌ಲೈನ್:
ವರ್ಚುವಲ್ ಮೆಮೊರಿಗೆ ಮಿತಿ ಹಾಕಿದ ಟೆಸ್ಟ್ ಇದ್ದರೆ ಅದೂ ಇಲ್ಲಿ ಬೀಳುತ್ತದೆ. 64 ಬಿಟ್ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಸಿಪಿಯುಗೆ 8ರಂತೆ ಮೆಮೊರಿ ಅರೀನಾ (ಥ್ರೆಡ್‌ಗಳಿಗೆ ಮೆಮೊರಿ ಹಂಚುವ ಪ್ರತ್ಯೇಕ ದಾಸ್ತಾನು) ಮಾಡಬಲ್ಲದು, ಒಂದೊಂದೂ 64 ಎಂಬಿ ವಿಳಾಸ ಕಾದಿರಿಸುತ್ತದೆ. ಅರೀನಾ ಮಿತಿಯನ್ನು 4ಕ್ಕೆ ಇಳಿಸಿ ಓಡಿಸಿ ನೋಡಿ. ಡೇಟಾ ರೇಸ್ (ಒಂದು ಥ್ರೆಡ್ ಬರೆಯುತ್ತಿರುವ ಮೆಮೊರಿಯನ್ನೇ ಇನ್ನೊಂದು ಲಾಕ್ ಇಲ್ಲದೆ ಮುಟ್ಟುವ ತಪ್ಪು) ಹುಡುಕಲು ದೊಡ್ಡ ಮಷೀನಿನ ಹೊತ್ತು ಕಳೆಯಬೇಡಿ. ಅದನ್ನು ಹಿಡಿಯುವ ಥ್ರೆಡ್ ಸ್ಯಾನಿಟೈಜರ್ 5ರಿಂದ 15 ಪಟ್ಟು ನಿಧಾನ, ಆದರೆ 16 ಸಿಪಿಯುನಲ್ಲೇ ಕೆಲಸ ಮಾಡುತ್ತದೆ, ರಾತ್ರಿ ಓಡಲು ಬಿಡಿ.